ಮರಳಲ್ಲಿ ಕೂತ ಅಳತೆ

ಸೆಪ್ಟೆಂಬರ್ 8
ಅಂಗಡಿಯಿಂದ

ಬಾಲಾ,

ನೀನು ಹೊರಟು ಮೂರು ದಿನ ಆಯ್ತು. ಫೋನ್ ಐದು ಸಲ ಬಡ್ಕೊಂಡಿತು. ಎತ್ತಲಿಲ್ಲ, ಎತ್ತೋದೂ ಇಲ್ಲ. ನಿನ್ನ ದನಿ ಕೇಳಿದ ತಕ್ಷಣ ನನ್ನ ಸಿಟ್ಟು ಅರ್ಧ ಇಳಿದುಹೋಗುತ್ತೆ, ಉಳಿದರ್ಧವನ್ನ ನೀನು ಮಧ್ಯೆ ಬಾಯಿ ಹಾಕಿ ಕೆಡಿಸ್ತೀಯ. ಕಾಗದದಲ್ಲಿ ಬೈದ್ರೆ ಕೊನೇ ಸಾಲಿನ ತನಕ ಓದ್ಕೊಂಡು ಕೂರಲೇಬೇಕು. ಅದಕ್ಕೇ ಟೀಚರ್ ಮನೆ ವಿಳಾಸಕ್ಕೆ ಹಾಕ್ತಿದೀನಿ. ಅಲ್ಲಿ ಎರಡು ವಾರ ಠಿಕಾಣಿ ಹೂಡ್ತೀಯಂತಲ್ಲ, ಹೇಗೂ ಕೈಗೆ ಸಿಗುತ್ತೆ.

ಒಂದು ಮಾತು ಕೇಳ್ತೀನಿ. ಅವರು ಯಾರ ಗೆಳತಿಯರು? ಟೀಚರ್ ಶಾಲೇಲಿ ನನ್ನ ಬೆಂಚಿನವಳು. ಬೇಕರಿಯವಳು ನನ್ನ ಹಿಂದಿನ ಬೆಂಚಿನವಳು. ಉದ್ದಕ್ಕನ ವಿಷಯ ನಾನು ಎತ್ತೋದೇ ಇಲ್ಲ. ನಾವು ನಾಲ್ಕು ಜನ ಹೋದಲ್ಲೆಲ್ಲ, ಏಳು ವರ್ಷ ಚಿಕ್ಕವಳು ನೀನು, ಮೂಗು ಒರೆಸ್ಕೊಂಡು ಹಿಂದೆ ಬರ್ತಿದ್ದೆ. ಬಾಲ ಅಂತ ಹೆಸರಿಟ್ಟವರು ಅವರೇ. ಈಗ ನೋಡು, ಬಾಲ ಮಾತ್ರ ಬೈಕ್ ಹತ್ತಿ ಬೆಟ್ಟ ಸುತ್ತೋಕೆ ಹೋಗಿದೆ, ದೇಹ ಇಲ್ಲಿ ಕೂತು ಬಸ್ಸಿನ ಸೀಟು ಹೊಲೀತಿದೆ. ನಲವತ್ತೆರಡು ಸೀಟು. ಇವತ್ತಿಗೆ ಆರು ಮುಗೀತು.

"ಅಕ್ಕಾ, ನೀನೂ ಬಾ" ಅಂತ ಒಂದು ಮಾತು ಅಂದ್ಯಾ? ಬಾಯಿಮಾತಿಗಾದ್ರೂ? ನಾನು ಬರ್ತಿದ್ದೆನೋ ಇಲ್ಲವೋ, ಅದು ಬೇರೆ. "ಈ ಸಲ ನಾನೊಬ್ಬಳೇ ಹೋಗ್ಬೇಕು" ಅಂದೆ, ಡ್ರೈವಿಂಗ್ ಸ್ಕೂಲಲ್ಲಿ ಕಲಿಯೋಕೆ ಬಂದವರಿಗೆ ಹೇಳೋ ದನೀಲಿ. ಸರಿ, ಒಬ್ಬಳೇ ಹೋಗೋಳಿಗೆ ಒಬ್ಬಳದೇ ಸೀಟು ಅಂತ ಹಿಂದಿನ ಭಾಗ ತೆಗೆದೇ ಹೊಲಿದುಕೊಟ್ಟೆ. ಯಾರನ್ನೂ ಹತ್ತಿಸ್ಕೊಳ್ಳೋ ಚಿಂತೆ ಇಲ್ಲ ನಿನಗೆ.

ಊರಿನ ಎಲ್ಲ ಬೈಕನ್ನೂ ನಾನು ಓಡಿಸಿದೀನಿ ಕಣೇ. ಸೀಟು ಹಾಕಿದ ಮೇಲೆ ನೀರಿನ ಟ್ಯಾಂಕ್ ತನಕ ಹೋಗಿ ವಾಪಸ್ ಬಂದು ನೋಡೋದು ನನ್ನ ಪದ್ಧತಿ. ಮೂವತ್ತು ವರ್ಷದಲ್ಲಿ ಟ್ಯಾಂಕ್ ದಾಟಿಲ್ಲ. ನೀನು ಎರಡು ತಿಂಗಳು ಬೆಟ್ಟ ಹತ್ತಿ ಇಳೀತೀಯ. ನನಗೆ ಹೊಟ್ಟೆಕಿಚ್ಚಾಗಿದೆ, ಹೌದು. ಬೇರೆಯವರ ಬಾಯಲ್ಲಿ ಕೇಳೋದಕ್ಕಿಂತ ನನ್ನ ಕೈಬರಹದಲ್ಲೇ ಓದ್ಕೋ.

ಸೀಟು ಹೇಗಿದೆ? ಸುಮ್ಮನೆ ಕೇಳಿದೆ.

ನಿನಗೆ ಬೇಡವಾದ
ಅಕ್ಕ

*

ಸೆಪ್ಟೆಂಬರ್ 18
ಟೀಚರ್ ಮನೆಯಿಂದ

ಅಕ್ಕಾ,

ನಿನ್ನ ಕಾಗದ ಟೀಚರ್ ಕೈಗೇ ಮೊದಲು ಸಿಕ್ಕಿತು. ಓದಿ, ಕೆಂಪು ಪೆನ್ನಲ್ಲಿ ನೂರಕ್ಕೆ ನಲವತ್ತು ಅಂಕ ಹಾಕಿ, ಕೆಳಗೆ ಷರಾ ಬರೆದಿದಾಳೆ: "ಸಿಟ್ಟು ಚೆನ್ನಾಗಿದೆ, ಕಾರಣ ಸಾಲದು." ಅವಧಿಗೆ ಮೊದಲೇ ನಿವೃತ್ತಿ ತಗೊಂಡು ನಾಲ್ಕು ವರ್ಷ ಆದ್ರೂ ಕೈ ಸುಮ್ಮನಿರಲ್ಲ ಅವಳಿಗೆ. ಹಾಲಿನ ಚೀಟಿಯನ್ನೂ ತಿದ್ದುತಾಳೆ.

ಅವಳ ಮನೆ ಬೆಟ್ಟದ ಬೆನ್ನ ಮೇಲಿದೆ. ಕೋಣೆಗಳು ಮೆಟ್ಟಿಲಿನ ಹಾಗೆ ಒಂದರ ಕೆಳಗೊಂದು. ಅಡುಗೆಮನೆ ಕಿಟಕಿ ತೆಗೆದ್ರೆ ಪಕ್ಕದವರ ಚಿಮಣಿ ಕೈಗೆ ಸಿಗುತ್ತೆ. ಏಳು ದಿನ ಬೈಕ್ ಓಡಿಸಿ ಬಂದು ನಿಂತಾಗ ಅವಳು ಬಾಗಿಲಲ್ಲೇ ತಬ್ಕೊಂಡು, "ಬಾಲ ಇಷ್ಟುದ್ದ ಬೆಳೆದಿದೆ!" ಅಂತ ಅತ್ತಳು. ಆಮೇಲೆ ಹೆಲ್ಮೆಟ್ ಹಾಕ್ಕೊಂಡು ಕನ್ನಡಿ ನೋಡ್ಕೊಂಡಳು. ಎರಡು ಸಲ.

ದಾರಿ ಚೆನ್ನಾಗಿತ್ತು. ಮೇಲೆ ಮೇಲೆ ಹೋದ ಹಾಗೆ ಮರ ಕಮ್ಮಿ ಆಗಿ ಬರೀ ಕಲ್ಲು. ಒಂದು ತಿರುವಲ್ಲಿ ಕುರಿಮಂದೆ ನಲವತ್ತು ನಿಮಿಷ ದಾರಿ ಬಿಡಲಿಲ್ಲ. ಇಂಜಿನ್ ಆರಿಸಿ ಕೂತಿದ್ದೆ. ನೀನಿದ್ದಿದ್ರೆ ಕುರಿ ಕಾಯೋನಿಗೆ ಎರಡು ಮಾತು ಬಿಗಿದಿರ್ತಿದ್ದೆ.

ಸೀಟಿನ ವಿಷಯ ಕೇಳಿದೀಯ. ಹೊಲಿಗೆ ಒಂದೂ ಬಿಟ್ಟಿಲ್ಲ. ಎಡ ಸೊಂಟ ಸ್ವಲ್ಪ ಹಿಡಿದುಕೊಂಡಿದೆ, ಟೀಚರ್ ಬಿಸಿನೀರಿನ ಚೀಲ ಇಡ್ತಾಳೆ. ನಲವತ್ನಾಲ್ಕಾಯ್ತಲ್ಲ, ವಯಸ್ಸಿನ ಪ್ರಭಾವ.

ಒಬ್ಬಳೇ ಬಂದದ್ದಕ್ಕೆ ಕಾರಣ ಇದೆ. ಈಗ ಬರೆಯೋಕಾಗಲ್ಲ.

ಬಾಲ

*

ಸೆಪ್ಟೆಂಬರ್ 26
ಅಂಗಡಿಯಿಂದ

ಬಾಲಾ,

ನಲವತ್ತು ಅಂಕವಂತೆ! ಒಂಬತ್ತನೇ ಕ್ಲಾಸಲ್ಲಿ ಅವಳ ಚಿತ್ರಕಲೆ ಪುಸ್ತಕ ಪೂರ್ತಿ ಬರೆದುಕೊಟ್ಟವಳು ನಾನು, ಹೇಳು ಅವಳಿಗೆ. ನನ್ನ ಮುಂದೆ ಆ ಹೆಂಗಸು ಜನ್ಮದಲ್ಲಿ ಅತ್ತಿಲ್ಲ. ಅವಳ ಮದುವೆ ದಿನವೂ ನಾನೇ ಅತ್ತೆ, ಅವಳು ನನ್ನ ಕೈಗೆ ಕರವಸ್ತ್ರ ಕೊಟ್ಟು "ಮುಖ ಒರೆಸ್ಕೋ, ಫೋಟೋ ಇದೆ" ಅಂದಳು. ನಿನ್ನ ನೋಡಿ ಅತ್ತಳಾ? ಇರಲಿ.

ನಿನ್ನ ಡ್ರೈವಿಂಗ್ ಸ್ಕೂಲಿಂದ ಇಬ್ಬರು ಹುಡುಗಿಯರು ಬಂದು, "ಮೇಡಂ ಯಾವಾಗ ಬರ್ತಾರೆ, ಒಬ್ಬರೇ ಹೋದ್ರಂತೆ, ಎಂಥ ಧೈರ್ಯ" ಅಂತ ಹೊಗಳಿದ್ದೇ ಹೊಗಳಿದ್ದು. ನಾನು ರೆಗ್ಜಿನ್ ಕತ್ತರಿಸ್ತಿದ್ದೆ. ಅಳತೆ ತಪ್ಪಿ ಒಂದು ತುಂಡು ಹಾಳಾಯ್ತು. ಅವರ ಎದುರಿಗೆ ನಕ್ಕೆ. ಒಳಗೆ ಮೆಣಸಿನಕಾಯಿ ಅರೆದ ಹಾಗಾಯ್ತು.

ಸೊಂಟಕ್ಕೆ ವಯಸ್ಸಾಗಿಲ್ಲ, ನೀನು ಕೂರೋದು ಸರಿಯಿಲ್ಲ. ಒಂದು ದಿಂಬು ಮಡಚಿ ಎಡಗಡೆ ಇಟ್ಕೋ. ಬಲಗಡೆ ಬೇಡ, ಎಡಗಡೆ. ಇಲ್ಲಾಂದ್ರೆ ಟೀಚರ್ ಬೀದೀಲಿ ಸೀಟಿನವರು ಯಾರಾದ್ರೂ ಇದ್ರೆ ತೋರಿಸು. ನಾನು ಬೇಜಾರು ಮಾಡ್ಕೊಳ್ಳಲ್ಲ. ಮಾಡ್ಕೋತೀನಿ, ಆದ್ರೂ ತೋರಿಸು.

ಕಾರಣ ಇದೆ, ಈಗ ಬರೆಯೋಕಾಗಲ್ಲ ಅಂತ ಬರೀತಾರಾ ಯಾರಾದ್ರೂ? ಬರೀಬೇಕು, ಇಲ್ಲಾ ಬಾಯಿಗೆ ಬೀಗ ಹಾಕ್ಕೊಂಡಿರಬೇಕು.

ಹದಿನೇಳು ಸೀಟು ಮುಗೀತು.

ದಬ್ಬಣ
(ಅವರೆಲ್ಲ ನನಗಿಟ್ಟ ಹೆಸರು ಇದೇ ಅಲ್ವಾ, ಗೋಣಿ ಹೊಲಿಯೋ ಸೂಜಿ. ಚುಚ್ಚಿದ್ರೆ ಚುಚ್ಚಲಿ.)

*

ಅಕ್ಟೋಬರ್ 6
ಬೇಕರಿಯಿಂದ

ಅಕ್ಕಾ,

ಇಲ್ಲಿ ಬಂದು ಆರು ದಿನ. ಕಣಿವೆಯ ಪೇಟೆ, ಒಂದೇ ಬೀದಿ, ಬೀದಿಗೊಂದೇ ಬೇಕರಿ. ಬೇಕರಿಯವಳು ನನ್ನ ಕೈಗೆ ಹಿಟ್ಟು ಕೊಟ್ಟುಬಿಟ್ಟಿದಾಳೆ. ಮೊದಲ ದಿನ ನಾನು ಮಾಡಿದ ಬನ್ನು ನೋಡಿ, "ಇದರಲ್ಲಿ ಗೋಡೆ ಕಟ್ಟಬಹುದು" ಅಂದಳು. ಈಗ ಗಿರಾಕಿಗಳು ತಗೋತಾರೆ. ನಗ್ತಾಳೆ ನೋಡು, ಟ್ರೇ ಎಲ್ಲ ಅಲುಗಾಡುತ್ತೆ.

"ದಬ್ಬಣ ಬಂದಿದ್ರೆ ನಾವು ಇಷ್ಟು ನಗ್ತಿರಲಿಲ್ಲ, ಒಲೆ ಸೊಟ್ಟ ಇದೆ ಅಂತ ಕಳಚಿ ಕೂತಿರ್ತಿದ್ದಳು" ಅಂದಳು ನಿನ್ನೆ. ಆಮೇಲೆ, "ಯಾಕೆ ಬರಲಿಲ್ಲ ಅವಳು?" ಅಂತ ಕೇಳಿದಳು. ನಾನು ಒಲೆ ಬಾಗಿಲು ತೆಗೆದು ನೋಡೋ ನೆಪ ಮಾಡಿದೆ.

ಟೀಚರ್ ಬೀದೀಲಿ ಸೀಟಿನವನಿದ್ದ. ಹೋಗಲಿಲ್ಲ.

ಇನ್ನು ಘಾಟಿ. ಹತ್ತು ದಿನ ಬಿಟ್ಟು ಹೊರಟು ಇಪ್ಪತ್ತರ ಹೊತ್ತಿಗೆ ಉದ್ದಕ್ಕನ ಹವಾಮಾನ ಕೇಂದ್ರ ಸೇರ್ತೀನಿ. ಈ ತಿಂಗಳು ಕಳೆದ್ರೆ ಅವಳ ಕೆಲಸ ಮುಗೀತಂತೆ. ಇನ್ನು ಮೇಲೆ ಮಳೆ, ಹಿಮ ಅಳೆಯೋದೆಲ್ಲ ಯಂತ್ರ. ಅವಳು ಕೇಂದ್ರ ಬಿಟ್ಟುಕೊಟ್ಟು ಸಮುದ್ರದಾಚೆ ಮಗಳ ಮನೆಗೆ ಹೋಗ್ತಾಳೆ. ಮತ್ತೆ ಈ ಕಡೆ ಬರೋದು ಯಾವಾಗಲೋ.

ಅವಳಿಗೆ ಏನಾದ್ರೂ ಹೇಳಬೇಕಾ, ಅಕ್ಕಾ?

ಬಾಲ

*

ಅಕ್ಟೋಬರ್ 13
ಅಂಗಡಿಯಿಂದ

ಬಾಲಾ,

ಇದನ್ನ ನೇರವಾಗಿ ಕೇಂದ್ರಕ್ಕೇ ಹಾಕ್ತಿದೀನಿ. ಘಾಟಿ ಹತ್ತೋ ಮೊದಲೇ ನಿನಗೆ ಸಿಗಲಿ ಅಂತ ಬೇಕರಿಗೆ ಫೋನ್ ಮಾಡಿದೆ. ಹೌದು, ನಾನೇ ಮಾಡಿದೆ. "ಆಗಲೇ ಹೊರಟಳು, ಮೋಡ ಬರೋ ಮೊದಲು ದಾಟ್ತೀನಿ ಅಂದಳು" ಅಂತ ಆ ನಗೋ ಹೆಂಗಸು ಹೇಳಿದಳು.

ಸೀಟು ನಿನ್ನ ಅಳತೇದಲ್ಲ.

ನಿನ್ನ ಅಳತೆ ತಗೊಂಡಿದ್ದೆ. ಎಲ್ಲರಿಗೂ ಮಾಡೋ ಹಾಗೆ ಒದ್ದೆ ಮರಳು ಪೆಟ್ಟಿಗೇಲಿ ಹತ್ತು ನಿಮಿಷ ಕೂರಿಸಿದೆ, ಅಚ್ಚು ಚೆನ್ನಾಗೇ ಬಿದ್ದಿತ್ತು. ನೀನು ಪೆಟ್ರೋಲ್ ಹಾಕಿಸೋಕೆ ಹೋದೆ. ನಾನು ಆ ಅಚ್ಚು ನೋಡ್ತಾ ನಿಂತೆ. ಈ ಜಾಗ ಬೆಟ್ಟ ಹತ್ತುತ್ತೆ, ಟೀಚರ್ ಬಾಗಿಲಿಗೆ ಹೋಗುತ್ತೆ, ಉದ್ದಕ್ಕನ ಮುಂದೆ ಹೋಗಿ ನಿಲ್ಲುತ್ತೆ ಅನ್ನಿಸ್ತು. ಹಲಗೆ ತಗೊಂಡು ಮರಳು ಸಮ ಮಾಡಿದೆ. ನಾನೇ ಕೂತೆ. ಹತ್ತು ನಿಮಿಷಕ್ಕಿಂತ ಜಾಸ್ತಿನೇ ಕೂತೆ. ನಾನಂತೂ ಹೋಗಲ್ಲ, ನಾನು ಕೂರೋ ಜಾಗವಾದ್ರೂ ಹೋಗಲಿ ಅಂತ. ಐವತ್ತೊಂದು ವರ್ಷದ ಹೆಂಗಸು ಮಾಡೋ ಕೆಲಸವಾ ಇದು?

ನಿನಗೆ ನೋವಾಗುತ್ತೆ ಅಂತ ಗೊತ್ತಿತ್ತಾ ಅಂತ ಕೇಳಬೇಡ. ನನ್ನ ಕೆಲಸ ನನಗೆ ಗೊತ್ತು.

ಉದ್ದಕ್ಕನಿಗೆ ಹೇಳೋದಾ? ಏನು ಹೇಳ್ತೀಯ. ಇಪ್ಪತ್ತೇಳು ವರ್ಷದ ಹಿಂದೆ ಅವಳೂ ನಾನೂ ಅವಳ ಬೈಕಲ್ಲಿ ಇದೇ ಘಾಟಿಗೆ ಹೊರಟಿದ್ದೆವು. ಬೆಳಿಗ್ಗೆ ಆರಕ್ಕೆ ನೀರಿನ ಟ್ಯಾಂಕ್ ಹತ್ತಿರ ಸಿಗೋದು ಅಂತ ಮಾತು. ಅವಳ ಹರಕು ಸೀಟು ತೆಗೆದು ಹಾಕೋಕೆ ಇಬ್ಬರಿಗಾಗೋ ಹೊಸ ಸೀಟು ಹೊಲೀತಿದ್ದೆ. ಒಂದು ಸಾಲು ಸೊಟ್ಟ ಬಂತು. ಬಿಚ್ಚಿದೆ. ಬಿಚ್ಚಿದ ಮೇಲೆ ಪಕ್ಕದ ಸಾಲೂ ಸೊಟ್ಟ ಕಾಣಿಸ್ತು, ಅದನ್ನೂ ಬಿಚ್ಚಿದೆ. "ಸ್ವಲ್ಪ ಕಾಯೋಕೆ ಹೇಳು" ಅಂತ ನಿನ್ನ ಕಳಿಸಿದೆ. ಎಂಟೂವರೆಗೆ ಸೀಟು ತಲೆ ಮೇಲೆ ಹೊತ್ಕೊಂಡು ಓಡಿದೆ. ಟ್ಯಾಂಕ್ ಹತ್ತಿರ ಯಾರೂ ಇಲ್ಲ. ಅವಳು ನನ್ನ ಬಿಟ್ಟು ನಿನ್ನ ಹತ್ತಿಸ್ಕೊಂಡು ಹೋಗಿದ್ದಳು.

ಆಮೇಲೆ ಮೂರು ಕಾಗದ ಬರೆದಳು. ನಾನು ಒಡೀಲಿಲ್ಲ. ಆ ಸೀಟು ಅಟ್ಟದ ಮೇಲೆ ಬಟ್ಟೆ ಸುತ್ತಿಟ್ಟಿದೀನಿ, ಇವತ್ತಿಗೂ ಇದೆ. ಹೇಳೋದಾದ್ರೆ ಇಷ್ಟು ಹೇಳು: ಎರಡು ಗಂಟೆ ಕಾಯೋಕಾಗದವಳ ಹತ್ತಿರ ನನಗೇನೂ ಮಾತಿಲ್ಲ.

ಆ ಸೀಟಲ್ಲಿ ಇನ್ನು ಕೂರಬೇಡ. ಬಸ್ಸಲ್ಲಿ ಬಾ. ಬೈಕ್ ಹೇಗಾದ್ರೂ ತರಿಸೋಣ.

ಅಕ್ಕ

*

ಅಕ್ಟೋಬರ್ 24
ಹವಾಮಾನ ಕೇಂದ್ರದಿಂದ

ಅಕ್ಕಾ,

ಸುರಕ್ಷಿತವಾಗಿ ಬಂದಿದೀನಿ. ಅದನ್ನ ಮೊದಲು ಓದ್ಕೋ.

ಸೀಟಿನ ವಿಷಯ ನನಗೆ ಮೊದಲನೇ ತಿರುವಲ್ಲೇ ಗೊತ್ತಾಯ್ತು. ಎಡಗಡೆ ತಗ್ಗು. ಮೂವತ್ತು ವರ್ಷ ಬಲಗಾಲಲ್ಲಿ ಮಷೀನ್ ತುಳಿದು, ಭಾರ ಎಲ್ಲ ಎಡಕ್ಕೆ ಹಾಕಿ ಕೂರೋಳು ನಮ್ಮ ಮನೇಲಿ ಒಬ್ಬಳೇ. ದಾರಿಯುದ್ದಕ್ಕೂ ನಿನ್ನ ತೊಡೆ ಮೇಲೆ ಕೂತ ಹಾಗೇ ಇತ್ತು. ಬದಲಾಯಿಸಲಿಲ್ಲ. ಬದಲಾಯಿಸೋ ಹಕ್ಕು ನನಗಿಲ್ಲ ಅನ್ನಿಸ್ತು. ಯಾಕೆ ಅಂತ ಈಗ ಬರೀತೀನಿ.

ಆ ದಿನ ನೀನು "ಕಾಯೋಕೆ ಹೇಳು" ಅಂದೆ. ನಾನು ಹೇಳಲಿಲ್ಲ. ಟ್ಯಾಂಕ್ ಹತ್ತಿರ ಹೋಗಿ, "ಅಕ್ಕ ಬರಲ್ಲವಂತೆ, ನಿನ್ನ ಜೊತೆ ತಿರುಗಿ ಸಾಕಾಗಿದೆಯಂತೆ" ಅಂದೆ. ಹದಿನೇಳು ವರ್ಷ ನನಗೆ. ನೀವು ನಾಲ್ವರೂ ನಗ್ತಾ ಹೋಗೋದನ್ನ ಹಿಂದಿನಿಂದಲೇ ನೋಡಿ ನೋಡಿ ಸಾಕಾಗಿತ್ತು. ಒಂದೇ ಒಂದು ಸಲ ಬಾಲ ಅನ್ನಿಸ್ಕೊಳ್ಳದೆ ಹೋಗ್ಬೇಕು ಅಂತ ಹೊಟ್ಟೆ ಉರೀತಿತ್ತು. ಉದ್ದಕ್ಕ ನಂಬಲಿಲ್ಲ. ಆರರಿಂದ ಎಂಟರ ತನಕ ಹೆಲ್ಮೆಟ್ ಮಡಿಲಲ್ಲಿಟ್ಕೊಂಡು ನಮ್ಮ ಬೀದಿ ಕಡೆಗೇ ನೋಡ್ತಾ ಕೂತಿದ್ದಳು. ಬರಲ್ಲ ಅಂದವಳ ಬಾಗಿಲಿಗೆ ಹೋಗಿ ಹೇಗೆ ಕರೆಯಲಿ ಅಂದಳು. ಎಂಟಕ್ಕೆ "ನೀನಾದ್ರೂ ಹತ್ತು" ಅಂದಳು. ವಾಪಸ್ ಬಂದ ಮೇಲೆ ನೀನು ಕೇಳಿದೆ, ಕಾಯೋಕೆ ಹೇಳಿದ್ಯಾ ಅಂತ. "ಹೇಳಿದೆ, ಕಾಯಲ್ಲ ಅಂದಳು" ಅಂದೆ.

ಇದನ್ನ ಅವಳ ಎದುರಿಗೆ ನಿಂತು ಹೇಳೋಕೇ ಒಬ್ಬಳೇ ಬಂದದ್ದು. ಟೀಚರ್ ಮನೇಲಿ ಎರಡು ವಾರ, ಬೇಕರೀಲಿ ಎರಡು ವಾರ ಕಳೆದದ್ದೂ ಧೈರ್ಯ ಸಾಲದೆ. ನಿನ್ನೆ ಹೇಳಿದೆ. ಅವಳು ಎದ್ದುಹೋಗಿ ಮಳೆ ಅಳೆಯೋ ಪಾತ್ರೆ ನೋಡಿ ಬಂದಳು. ನಿನ್ನೆ ಮಳೆ ಇರಲಿಲ್ಲ.

ಬೈಕ್ ಇಲ್ಲೇ ಇರಲಿ. ನಾನು ಬಸ್ಸಲ್ಲಿ ಇಳಿದು ನವೆಂಬರ್ ಆರಕ್ಕೆ ಅಂಗಡಿಗೆ ಬರ್ತೀನಿ. ನೀನು ಬಸ್ಸಲ್ಲಿ ಹತ್ತು, ಬೈಕಲ್ಲಿ ಇಳಿ. ಅಳತೆ ನಿನ್ನದೇ ಇದೆ.

ಕ್ಷಮಿಸು ಅಂತ ಬರೆಯೋಕೆ ಪೆನ್ನು ಓಡ್ತಿಲ್ಲ.

ಬಾಲ

*

ಅಕ್ಟೋಬರ್ 24
ಹವಾಮಾನ ಕೇಂದ್ರ

ದಬ್ಬಣ,

ಬೆಳಿಗ್ಗೆ ಎಂಟೂವರೆ. ಉಷ್ಣತೆ ಎರಡು ಡಿಗ್ರಿ. ಗಾಳಿ ಪಶ್ಚಿಮದಿಂದ. ಮಳೆ ಇಲ್ಲ. ಈ ಥರ ಬರೆದೂ ಬರೆದೂ ಬೇರೆ ಬರಹ ಮರೆತುಹೋಗಿದೆ ನನಗೆ.

ನಿನ್ನ ತಂಗಿ ಹೇಳಿದಳು. ಅವಳಿಗೆ ಬೈದೆ, ಊಟ ಹಾಕಿದೆ. ಆಮೇಲೆ ನನಗೇ ಬೈಕೊಂಡೆ. ಇಲ್ಲಿ ಪ್ರತಿದಿನ ಎಷ್ಟು ಹಿಮ ಬಿತ್ತು ಅಂತ ಬೆರಳಗಲ ಬಿಡದೆ ಅಳೆದಿದೀನಿ. ನೀನು ಯಾಕೆ ಬರಲಿಲ್ಲ ಅಂತ ಬಂದು ಕೇಳೋಕೆ ನನ್ನಿಂದ ಆಗಲಿಲ್ಲ. ಮೂರು ಕಾಗದಕ್ಕೆ ಉತ್ತರ ಬರದೇ ಇದ್ದಾಗ ನಾನೂ ಮುಖ ಊದಿಸ್ಕೊಂಡು ಕೂತೆ.

ನವೆಂಬರ್ ಹದಿನೈದರ ಮೇಲೆ ಹಿಮ ಬಿದ್ದು ದಾರಿ ಮುಚ್ಚುತ್ತೆ. ನಾನು ಹನ್ನೆರಡಕ್ಕೆ ಹೊರಡಬೇಕು. ಅಲ್ಲೀವರೆಗೆ ಕಾಯ್ತೀನಿ. ನಾನೇ ಬರೆದು ತಿಳಿಸ್ತಿದೀನಿ, ಯಾರ ಕೈಲೂ ಹೇಳಿ ಕಳಿಸ್ತಿಲ್ಲ.

ಉದ್ದಕ್ಕ

*

ನವೆಂಬರ್ 1
ಅಂಗಡಿಯಿಂದ

ಇಬ್ಬರಿಗೂ,

ನಾನು ಬರಲ್ಲ.

ಒಬ್ಬಳು ಸುಳ್ಳು ಹೇಳಿ ನನ್ನ ಜಾಗದಲ್ಲಿ ಕೂತಳು, ಇನ್ನೊಬ್ಬಳು ಅದನ್ನ ನಂಬಿದಳು. ಈಗ ಇಬ್ಬರೂ ಒಂದೇ ಸೂರಿನ ಕೆಳಗೆ ಕೂತು ಒಂದೇ ದಿನ ಕಾಗದ ಬರೆದು, ಅತ್ತು, ಊಟ ಮಾಡಿ, ರಾಜಿಯಾಗಿದೀರ. ನನ್ನ ಕೇಳಿದೋರು ಯಾರು? ಟ್ಯಾಂಕ್ ಹತ್ತಿರ ಸೀಟು ಹೊತ್ಕೊಂಡು ನಿಂತಿದ್ದವಳು ನಾನು. ಅವಳು ಕಾದಿದ್ದಳು ಅಂತ ಗೊತ್ತಿದ್ದಿದ್ರೆ ನಾನು ಎಷ್ಟು ಸಲ ಬಂದಿರ್ತಿದ್ದೆ.

ಬರಲ್ಲ ಅಂದ್ರೆ ಬರಲ್ಲ. ನನಗೆ ಒಂಬತ್ತು ಸೀಟು ಬಾಕಿ ಇದೆ.

ದಬ್ಬಣ

*

ನವೆಂಬರ್ 5
(ಮಷೀನ್ ಮೇಲೆ, ಕತ್ತರಿಯ ಕೆಳಗೆ ಇಟ್ಟ ಚೀಟಿ)

ನಾಳೆ ನೀನು ಬಂದಾಗ ನಾನು ಇರಲ್ಲ. ನಿನ್ನ ಮುಖ ನೋಡೋಕೆ ಈಗ ನನ್ನಿಂದಾಗಲ್ಲ, ನೋಡಿದ್ರೆ ಹೊರಡೋಕೂ ಆಗಲ್ಲ. ಏಳು ಸೀಟು ಬಾಕಿ. ಕತ್ತರಿಸಿ ಇಟ್ಟಿದೀನಿ, ಅಂಚು ಹೊಲಿ ಸಾಕು. ನಿನಗೆ ಬರುತ್ತೆ. ಒಂದು ಸಾಲು ಸೊಟ್ಟ ಆದ್ರೆ ಬಿಚ್ಚಬೇಡ.

ಅಟ್ಟದ ಮೇಲೆ ಹುಡುಕಬೇಡ. ಅದನ್ನ ತಗೊಂಡು ಹೋಗಿದೀನಿ.

*

ನವೆಂಬರ್ 11
ಹವಾಮಾನ ಕೇಂದ್ರದಿಂದ

ಬಾಲಾ,

ಎರಡು ದಿನ ಬಸ್ಸು. ನನ್ನ ಮಡಿಲಲ್ಲಿ ಬಟ್ಟೆ ಸುತ್ತಿದ ಸೀಟು. ಕಂಡಕ್ಟರ್, "ಅದಕ್ಕೂ ಟಿಕೆಟ್ ತಗೊಳ್ಳಿ, ಬಸ್ಸಲ್ಲಿ ಬೇಕಾದಷ್ಟು ಸೀಟಿದೆ, ನಿಮ್ಮದು ಯಾಕೆ ತಂದ್ರಿ" ಅಂದ. ಅವನ ಬಸ್ಸಿನ ಸೀಟು ನೋಡಿದೆ. ಹೊಲಿಗೆ ಹೊಲಸು. ಅದನ್ನೇ ಹೇಳಿದೆ.

ಉದ್ದಕ್ಕ ಗೇಟಲ್ಲೇ ನಿಂತಿದ್ದಳು. ಕೂದಲು ಪೂರ್ತಿ ಬಿಳಿ, ಉದ್ದ ಮಾತ್ರ ಹಾಗೇ ಇದೆ. ದಾರಿಯುದ್ದಕ್ಕೂ ಏನೇನೋ ಜೋಡಿಸ್ಕೊಂಡು ಬಂದಿದ್ದೆ. ಬಾಯಿಂದ ಬಂದದ್ದು, "ತಡವಾಯ್ತು, ಒಂದು ಸಾಲು ಸೊಟ್ಟ ಬಂದಿತ್ತು." ಅವಳು ಸೀಟು ಇಸ್ಕೊಂಡು ಬಟ್ಟೆ ಬಿಚ್ಚಿ, ಹೊಲಿಗೆ ಮೇಲೆ ಬೆರಳಾಡಿಸಿ, "ಈಗ ಸರಿಯಾಗಿದೆ" ಅಂದಳು. ಟೀಚರ್ ನಿನ್ನ ಮುಂದೆ ಅತ್ತದ್ದೇನು ಮಹಾ. ನಾವಿಬ್ಬರೂ ಗೇಟಲ್ಲಿ ಅತ್ತದ್ದು ನೀನು ನೋಡಬೇಕಿತ್ತು.

ಅವಳ ಹಳೇ ಬೈಕು ಯಾವತ್ತೋ ಗುಜರಿಗೆ ಹೋಗಿದೆ. ಸೀಟನ್ನ ಜಗಲಿಯಲ್ಲಿ ಎರಡು ಕಲ್ಲಿನ ಮೇಲೆ ಇಟ್ಟೆವು. ಇಬ್ಬರೂ ಕೂತೆವು. ಆಗ ತೆಳ್ಳಗಿದ್ದೆವಲ್ಲ, ಈಗ ಇಬ್ಬರಿಗೆ ಸಾಲಲ್ಲ. "ಜರುಗು" ಅಂದಳು, "ನೀನೇ ಜರುಗು" ಅಂದೆ. ಬೆಟ್ಟ ಎದುರಿಗೇ ಇತ್ತು. ಹೆಚ್ಚಾಗಿ ನಿನ್ನ ಬೈದುಕೊಂಡೇ ಹೊತ್ತು ಹೋಯ್ತು. ಬರಲ್ಲ ಅಂತ ನಾನು ಬರೆದ ಕಾಗದ ನಾನು ಬಂದ ಮಾರನೇ ದಿನ ತಲುಪಿತು. ಉದ್ದಕ್ಕ ಅದನ್ನ ನನ್ನೆದುರಿಗೇ ಜೋರಾಗಿ ಓದಿದಳು, ನಾನು ಹೇಳೋ ಥರಾನೇ.

ನಾಳೆ ಅವಳು ಹೊರಡ್ತಾಳೆ. ಆ ಸೀಟು ಜೊತೆಗೇ ತಗೊಂಡು ಹೋಗ್ತಾಳಂತೆ, ಸಮುದ್ರದಾಚೆಗೆ. ನನಗೆ ಸಿಕ್ಕಿದ್ದು ನಾಲ್ಕು ದಿನ. ನಿನಗೆ ಇಪ್ಪತ್ತೇಳು ವರ್ಷ ಅವಳ ಕಾಗದ, ಅವಳ ಫೋನು, ಅವಳ ಮಗಳ ಹುಟ್ಟುಹಬ್ಬದ ಫೋಟೋ ಎಲ್ಲ ಸಿಕ್ತು. ಲೆಕ್ಕ ಹಾಕಿದ್ರೆ ಈಗಲೂ ಉರಿಯುತ್ತೆ ಕಣೇ. ಪೂರ್ತಿ ಆರುತ್ತೆ ಅಂತ ಕಾಯಬೇಡ. ನಿನ್ನ ಕ್ಷಮಿಸಿದೀನಿ ಅಂತಲೂ ಬರೆಯಲ್ಲ, ನನ್ನ ಪೆನ್ನೂ ಓಡಲ್ಲ.

ನಾಳೆ ಬೆಳಿಗ್ಗೆ ನಿನ್ನ ಬೈಕಲ್ಲಿ ಇಳೀತೀನಿ. ಇವತ್ತು ಕೇಂದ್ರದ ಸುತ್ತ ಓಡಿಸಿ ನೋಡಿದೆ. ಸೀಟು ಎಷ್ಟು ಚೆನ್ನಾಗಿ ಕೂತಿದೆ ಗೊತ್ತಾ! ಇಷ್ಟು ಜನರಿಗೆ ಹೊಲಿದೆ, ನನ್ನ ಅಳತೆಯದರ ಮೇಲೆ ನಾನು ಕೂತದ್ದು ಇದೇ ಮೊದಲು. ಬೇಕರೀಲಿ ಎರಡು ದಿನ, ಟೀಚರ್ ಮನೇಲಿ ನಾಲ್ಕು ದಿನ ಇರ್ತೀನಿ. ಆ ಒಲೆ ಸೊಟ್ಟ ಇದ್ರೆ ಕಳಚೇ ಕಳಚ್ತೀನಿ. ನೀನು ಅಲ್ಲಿ ಅಂಗಡೀಲಿ ಕೂತು ಬಸ್ಸಿನ ಸೀಟು ಹೊಲೀತಾ ನನ್ನ ನೆನೆಸ್ಕೊಂಡು ಚೆನ್ನಾಗಿ ಹೊಟ್ಟೆ ಉರ್ಕೋ.

ಇಪ್ಪತ್ತೆಂಟಕ್ಕೆ ಬರ್ತೀನಿ. ಬರೋ ದಿನ ಟ್ಯಾಂಕ್ ಹತ್ತಿರ ಬಂದು ನಿಂತಿರು, ಹೇಳಿದ ಹೊತ್ತಿಗೇ ಬರ್ತೀನಿ. ಅದಕ್ಕೆ ಮೊದಲು ಮರಳು ಜರಡಿ ಹಿಡಿದು ಒದ್ದೆ ಮಾಡಿ ಪೆಟ್ಟಿಗೆಗೆ ತುಂಬಿಡು. ನಿನ್ನ ಅಳತೆ ತಗೋಬೇಕು.

ಅಕ್ಕ